ಟವೆಲ್ಲಿನ ಕೆಳಗಿನ ಕೈ

ಹೋದ ವಾರ ಟವೆಲ್ಲಿನ ಕೆಳಗೆ ಅವನು ಕೇಳಿದ ಪ್ರಶ್ನೆಗೆ ಅವಳು ಇವತ್ತು ಉತ್ತರ ಕೊಡಬೇಕಿತ್ತು.

ಬೆಳಿಗ್ಗೆ ಮನೆ ಬಿಡುವಾಗ ಉತ್ತರ ಅವಳ ಬಲಗೈಯಲ್ಲೇ ಇತ್ತು. ಟೀ ಲೋಟ ಚಾಚಿದ ಅಕ್ಕ, "ಏನೇ, ಕೈ ನೋಡ್ಕೊಂಡು ನಗ್ತಿದೀಯ?" ಎಂದು ಕೇಳಿದ್ದಳು. "ಏನಿಲ್ಲ, ಉಗುರು ಕತ್ತರಿಸ್ಬೇಕಿತ್ತು" ಎಂದು ಇವಳು ಬಿಸಿ ಟೀಯನ್ನು ಹಾಗೇ ಗಂಟಲಿಗೆ ಸುರಿದುಕೊಂಡು ಮೆಟ್ಟಿಲಿಳಿದಿದ್ದಳು.

ಅವಳು ಗೈಡು. ವಾರಕ್ಕೊಮ್ಮೆ ನಗರದಿಂದ ಒಂದು ಬಸ್ಸು ತುಂಬ ಜನರನ್ನು ಕರೆದುಕೊಂಡು ಊರಾಚೆಯ ಹಳೆಯ ಸಂತೆಗಳಿಗೆ ಹೋಗುತ್ತಾಳೆ. ಮೊದಲು ಮಡಕೆ ಸಂತೆ, ಆಮೇಲೆ ಬಟ್ಟೆ ಸಂತೆ, ಕೊನೆಗೆ ಕುರಿ ಸಂತೆ. ಕಾಲರಿಗೆ ಸಿಕ್ಕಿಸಿದ ಪುಟ್ಟ ಮೈಕು, ಸೊಂಟಕ್ಕೆ ನೇತುಬಿದ್ದ ಸ್ಪೀಕರು. ನಗರದವರು ಸಂತೆ ನೋಡಲು ಟಿಕೆಟ್ಟು ತೆಗೆದುಕೊಂಡು ಬರುತ್ತಾರೆ, ಅದೇ ಸಂತೆಯಲ್ಲಿ ಒಂದು ಮಡಕೆಗೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಅವಳಿಗೆ ಇದು ಕಾಣುವುದಿಲ್ಲವೆಂದಲ್ಲ. ಆದರೆ ಕುರಿ ಸಂತೆಯ ಬೇಲಿ ದಾಟಿದ ಕೂಡಲೇ ಅವಳ ಕಣ್ಣು ಒಂದೇ ಒಂದು ಕೆಂಪು ಟವೆಲ್ಲನ್ನು ಹುಡುಕತೊಡಗುತ್ತದೆ. ಆಮೇಲೆ ಬೇರೆ ಏನೂ ಕಾಣುವುದಿಲ್ಲ.

ಕೆಂಪು ಟವೆಲ್ಲಿನವನು ಸಂತೆಯ ದೊಡ್ಡ ದಲ್ಲಾಳಿ. ದೊಡ್ಡವನೆಂದರೆ ವಯಸ್ಸಿನಲ್ಲಲ್ಲ. ಅಪ್ಪ ಸತ್ತ ಮೇಲೆ ಸಂತೆಯವರೆಲ್ಲ ಸೇರಿ ಅಪ್ಪನ ಟವೆಲ್ಲನ್ನು ಅವನ ಹೆಗಲಿಗೆ ಹಾಕಿದ್ದರು, ಅಷ್ಟೇ. ಇಲ್ಲಿ ವ್ಯಾಪಾರ ಬಾಯಿಂದ ನಡೆಯುವುದಿಲ್ಲ. ಮಾರುವವನು, ದಲ್ಲಾಳಿ ಎದುರುಬದುರು ನಿಂತು ಟವೆಲ್ಲಿನ ಕೆಳಗೆ ಕೈ ಹಿಡಿಯುತ್ತಾರೆ. ಯಾವ ಬೆರಳು ಹಿಡಿದರೆ ಯಾವ ಬೆಲೆ ಎಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಒಪ್ಪಿಗೆಯಾದರೆ ದಲ್ಲಾಳಿ ಟವೆಲ್ ಎತ್ತುತ್ತಾನೆ. ಎತ್ತಿದ ಮೇಲೆ ಮಾತು ಮುಗಿಯಿತು, ಯಾರಪ್ಪ ಬಂದರೂ ಹಿಂದೆ ಸರಿಯುವ ಹಾಗಿಲ್ಲ.

ಇದನ್ನು ಪ್ರವಾಸಿಗರಿಗೆ ತೋರಿಸಲು ಅವಳು ಪ್ರತಿ ವಾರ ಅವನ ಟವೆಲ್ಲಿನ ಕೆಳಗೆ ಕೈ ಹಾಕುತ್ತಿದ್ದಳು. ಮೇಲೆ ಇಪ್ಪತ್ತು ಮೊಬೈಲುಗಳು. ಕೆಳಗೆ ಹಗ್ಗ ಎಳೆದು ಒರಟಾದ ಅವನ ಬೆರಳು, ಸುಮ್ಮನೆ, ಅವಳ ಕಿರುಬೆರಳಿನ ಮೇಲೆ.

"ಮೈಕಮ್ಮ, ಈ ಕೈಗೆ ಬೆಲೆ ಕಟ್ಟೋಕೆ ಬರ್ತಿಲ್ಲ" ಎಂದು ಅವನು ಗಂಭೀರವಾಗಿ ಹೇಳಿದರೆ ಜನ ನಗುತ್ತಿದ್ದರು.

"ತರಬೇತಿ ಸಾಲ್ದು ನಿಮಗೆ" ಎಂದು ಅವಳು ಮೈಕಿನಲ್ಲೇ ಉತ್ತರಿಸುತ್ತಿದ್ದಳು.

ಹೋದ ವಾರ ಅವನು ನಗಿಸಿರಲಿಲ್ಲ. ಟವೆಲ್ಲಿನ ಕೆಳಗೆ ಒಂದೊಂದೇ ಬೆರಳು ಬಿಟ್ಟು ಅವಳ ಇಡೀ ಕೈಯನ್ನು ತನ್ನ ಕೈಯೊಳಗೆ ಮುಚ್ಚಿಕೊಂಡಿದ್ದ. ಸಂತೆಯ ಲೆಕ್ಕದಲ್ಲಿ ಅದಕ್ಕೆ ಇಡೀ ಮಂದೆ ಎಂದರ್ಥ. ಆರಿಸುವುದಿಲ್ಲ, ಬೆಲೆ ಕೇಳುವುದಿಲ್ಲ, ಇರುವುದೆಲ್ಲ ಬೇಕು. ಅವಳು "ಈ ವ್ಯಾಪಾರ ಮುಂದಿನ ವಾರಕ್ಕೆ" ಎಂದು ಮೈಕಿನಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದ್ದರು. ಅವನೊಬ್ಬ ತಟ್ಟಿರಲಿಲ್ಲ.

ಇವತ್ತು ಬಸ್ಸಿನ ಹಿಂದಿನ ಸೀಟಿನಲ್ಲಿ ಮೂವರು ಹೊಸಬರಿದ್ದರು. ಮಡಕೆ ಸಂತೆಯಲ್ಲಿ ಅವರು ಕೆಳಗಿಳಿಯಲಿಲ್ಲ. ಬಟ್ಟೆ ಸಂತೆಯಲ್ಲಿ ಇಳಿದರೂ ಬಟ್ಟೆ ಮುಟ್ಟಲಿಲ್ಲ. ಟೂರ್ ಕಂಪನಿಯ ಮಾಲೀಕರು ಬೆಳಿಗ್ಗೆಯೇ ಫೋನು ಮಾಡಿ, "ಸ್ಪೆಷಲ್ ಗೆಸ್ಟುಗಳಮ್ಮ, ಏನು ಕೇಳಿದ್ರೂ ಇಲ್ಲ ಅನ್ಬೇಡ" ಎಂದಿದ್ದರು. ಕುರಿ ಸಂತೆಯ ದಾರಿಗೆ ತಿರುಗಿದಾಗ ಅವರಲ್ಲೊಬ್ಬ, ಬಂಗಾರದ ಫ್ರೇಮಿನ ಕನ್ನಡಕದವನು, ಮುಂದೆ ಬಂದು ಅವಳ ಪಕ್ಕ ಕೂತ.

"ಚೆನ್ನಾಗಿ ಹೇಳ್ತೀಯಮ್ಮ. ನಿನ್ನ ವಿಡಿಯೋ ನೋಡೇ ನಾವು ಈ ಜಾಗ ಆರಿಸಿದ್ದು."

"ಯಾವುದಕ್ಕೆ ಸಾರ್?"

ಅವನು ಗುಟ್ಟೇನೂ ಮಾಡಲಿಲ್ಲ. ಕುರಿ ಸಂತೆಯ ಬಯಲಿನಲ್ಲಿ ಒಂದು ಗಾಜಿನ ಕಟ್ಟಡ ಬರುತ್ತದೆ. ಒಳಗೆ ಎ.ಸಿ., ಫುಡ್ ಕೋರ್ಟು, ಮಧ್ಯದಲ್ಲಿ 'ಹಳೆಯ ಸಂತೆಯ ಅನುಭವ'. ನಾಲ್ಕು ತೊಳೆದ ಕುರಿ, ಒಬ್ಬ ದಲ್ಲಾಳಿ, ಒಂದು ಟವೆಲ್ಲು. ನಿಜವಾದ ಸಂತೆಗೆ ಹೆದ್ದಾರಿಯ ಆಚೆ, ಕಸ ಸುರಿಯುವ ಜಾಗದ ಪಕ್ಕ, ನೆಲ ನೋಡಿದ್ದಾರೆ.

"ಸಂತೆಯವರು ಒಪ್ಪಿದಾರಾ?"

"ಇವತ್ತು ಒಪ್ತಾರೆ. ನೀನೇ ಹೇಳ್ತೀಯಲ್ಲ, ಟವೆಲ್ ಎತ್ತಿದರೆ ಮಾತು ಮುಗೀತು ಅಂತ. ನಿನ್ನ ಡೆಮೋ ಆದ ಕೂಡಲೇ ನಾನೂ ಕೈ ಹಾಕ್ತೀನಿ. ತಮಾಷೆಗೆ ಅಂದ್ಕೋತಾನೆ. ನಮ್ಮವನು ವಿಡಿಯೋ ತೆಗೀತಾನೆ. ದೊಡ್ಡ ದಲ್ಲಾಳಿ ನಮಗೆ ಜಾಗ ಒಪ್ಪಿ ಟವೆಲ್ ಎತ್ತಿದ ಅಂತ ಊರೆಲ್ಲ ನೋಡಿದ ಮೇಲೆ ಸಂತೆಯವರೇ ಅವನನ್ನ ನಂಬಲ್ಲ. ಒಡೆದು ಹೋಗ್ತಾರೆ. ಅಷ್ಟು ಸಾಕು ನಮಗೆ." ಅವನು ಕನ್ನಡಕ ಒರೆಸಿಕೊಂಡ. "ನೀನು ಅಲ್ಲಿ ಮ್ಯಾನೇಜರ್. ಈ ಬಿಸಿಲಲ್ಲಿ ಎಷ್ಟು ದಿನ ಅಂತ ಅರಚ್ತೀಯ?"

ಅವಳ ಕಿವಿಯಲ್ಲಿ ಬಸ್ಸಿನ ಸದ್ದು ಮಾತ್ರ ಉಳಿಯಿತು. ತಾನು ಪ್ರೀತಿಯಿಂದ ಹೇಳಿದ ಒಂದೊಂದು ಮಾತನ್ನೂ ಇವರು ಆಯ್ದುಕೊಂಡು ಹಗ್ಗ ಹೊಸೆದಿದ್ದಾರೆ. ಅವಳು ಮೊಬೈಲು ತೆಗೆದು ದಲ್ಲಾಳಿಗೆ ಕರೆ ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಸಂತೆಯ ಹೊತ್ತಿನಲ್ಲಿ ಅವನ ಫೋನು ಊಟದ ಚೀಲದಲ್ಲಿರುತ್ತದೆ, ಎರಡು ಕೈಯೂ ಖಾಲಿ ಇರಬೇಕೆಂದು.

ಬಸ್ಸು ನಿಂತಿತು. ಕನ್ನಡಕದವನ ಜೊತೆಗಿದ್ದವನು ಇಳಿದವನೇ ಅಳತೆಯ ಟೇಪು ಬಿಚ್ಚಿ ಬೇಲಿಯ ಉದ್ದಕ್ಕೆ ಎಳೆಯತೊಡಗಿದ.

ದಲ್ಲಾಳಿ ಅದನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

ಪ್ರತಿ ವಾರ ಅವನ ನೋಟ ಅವಳ ಚಪ್ಪಲಿಯಿಂದ ಶುರುವಾಗಿ ಮೆಲ್ಲಗೆ ಮೇಲೇರಿ ಮೈಕಿನ ಹತ್ತಿರ ನಿಂತು ನಗುತ್ತಿತ್ತು. ಇವತ್ತು ನೇರ ಮುಖಕ್ಕೇ ಬಂತು, ಅಲ್ಲೇ ತಣ್ಣಗಾಯಿತು.

ಬೇಲಿಯ ಪಕ್ಕ ಕುರಿ ಕೊರಳಿನ ಗಂಟೆ ಮಾರುವ ಅಜ್ಜಿ, "ಏನೇ ಮೈಕು, ಮದುಮಗಳ ಹಾಗೆ ಬರ್ತೀಯ ಅಂದ್ಕೊಂಡ್ರೆ ದಿಬ್ಬಣದಲ್ಲಿ ಸರ್ವೇದವರನ್ನ ತಂದಿದೀಯಲ್ಲ" ಎಂದಳು. ದನಿಯಲ್ಲಿ ಕೀಟಲೆಯಿತ್ತು, ಕಣ್ಣಲ್ಲಿರಲಿಲ್ಲ.

"ಅಜ್ಜಿ, ನಾನು..." ಎನ್ನುವಷ್ಟರಲ್ಲಿ ಕನ್ನಡಕದವನು ಅವಳ ಹೆಗಲ ಹಿಂದೆ ಬಂದು ನಿಂತ. "ಶುರು ಮಾಡಮ್ಮ, ಬಿಸಿಲು ಏರ್ತಿದೆ."

ಜನ ಸುತ್ತುಗಟ್ಟಿದರು. ಮೊಬೈಲುಗಳು ಎದ್ದವು. ಮಾರಲು ಬಂದವರೂ ಕುರಿಗಳ ನಡುವೆ ನಿಂತು ನೋಡತೊಡಗಿದರು. ಅವಳು ಬಾಯಿಪಾಠವಾಗಿದ್ದ ಮಾತುಗಳನ್ನು ಹೇಳುತ್ತಾ ಹೋದಳು. ಸ್ಪೀಕರಿನಿಂದ ಬರುತ್ತಿದ್ದುದು ಯಾರದೋ ದನಿಯಂತಿತ್ತು. ದಲ್ಲಾಳಿ ಮಾತಿಲ್ಲದೆ ಟವೆಲ್ ಹಾಸಿದ. ಅವಳು ಕೈ ಹಾಕಿದಳು.

ಅವನ ಕೈ ಸತ್ತ ಹಾಗೆ ಬಿದ್ದಿತ್ತು.

ಉತ್ತರ ಅವಳ ಬೆರಳ ತುದಿಯಲ್ಲಿತ್ತು. ಇಡೀ ಕೈ ಹಿಡಿದರೆ ಸಾಕು, ಅವನು ಕರಗುತ್ತಾನೆ, ಅವಳಿಗೆ ಗೊತ್ತು. ಕರಗಿ, ನಗುತ್ತಾ ಟವೆಲ್ ಎತ್ತುತ್ತಾನೆ, ಅದೇ ನಗುವಿನಲ್ಲಿ ಕನ್ನಡಕದವನಿಗೂ ಕೈ ಕೊಡುತ್ತಾನೆ. ಅವಳ ಒಪ್ಪಿಗೆಯೇ ಅವನಿಗೆ ಉರುಳಾಗುತ್ತದೆ.

ದಲ್ಲಾಳಿಗಳ ನಡುವೆ ಇನ್ನೊಂದು ಗುರುತಿದೆ. ಎದುರಿನವನ ಅಂಗೈ ನಡುವೆ ಹೆಬ್ಬೆರಳಿನ ಉಗುರು ಒತ್ತುವುದು. ಮಾಲಿನಲ್ಲಿ ರೋಗವಿದೆ, ಕೈ ತೆಗಿ ಎಂದು. ಒತ್ತಿಸಿಕೊಂಡವನು ಕಾರಣ ಕೇಳುವ ಹಾಗಿಲ್ಲ. ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಆ ದಿನ ಯಾರ ಜೊತೆಗೂ ಟವೆಲ್ಲಿನ ಕೆಳಗೆ ಕೈ ಸೇರಿಸುವ ಹಾಗಿಲ್ಲ. ಸುಳ್ಳೇ ಒತ್ತಿದವರಿಗೆ ಈ ಸಂತೆಯಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ. ಹಿಂದೊಮ್ಮೆ ಅವನು ಕಲಿಸಿಕೊಟ್ಟಾಗ ಅವಳು, "ನನಗ್ಯಾಕೆ ಇದೆಲ್ಲ?" ಎಂದಿದ್ದಳು. "ನನ್ನ ಟವೆಲ್ಲಿನ ಕೆಳಗೆ ಕೈ ಹಾಕೋರಿಗೆ ಎಲ್ಲ ಗೊತ್ತಿರ್ಬೇಕು" ಎಂದು ಅವನು ಬೇರೆಲ್ಲೋ ನೋಡುತ್ತಾ ಹೇಳಿದ್ದ.

ಅವಳು ಉಗುರು ಒತ್ತಿದಳು. ಕತ್ತರಿಸದೆ ಬಿಟ್ಟ ಉಗುರು. ಚರ್ಮ ಸೀಳುವಷ್ಟು ಒತ್ತಿದಳು.

ಅವನ ರೆಪ್ಪೆ ನಡುಗಿತು. ಅವಳಿಗೆ ಮಾತ್ರ ಕಾಣುವ ಹಾಗೆ ತುಟಿ ಅಲ್ಲಾಡಿತು. "ಯಾವುದಕ್ಕೆ ರೋಗ? ನನಗಾ?"

ಮೈಕು ಕಾಲರಿನಲ್ಲಿತ್ತು, ಕನ್ನಡಕದವನು ಹೆಗಲ ಹಿಂದಿದ್ದ. ಅವಳು ತಲೆ ಅಲ್ಲಾಡಿಸಲಿಲ್ಲ. ಅವನನ್ನೇ ದಿಟ್ಟಿಸಿ ನೋಡಿದಳು. ತಾನು ಅವನಿಂದ ಇದುವರೆಗೆ ಬೇಡದಿದ್ದ ಒಂದೇ ಒಂದನ್ನು ಆ ನೋಟದಲ್ಲಿ ಬೇಡಿದಳು, ನಂಬು ಎಂದು.

ಒಂದು ಮರಿ ಎಲ್ಲೋ ತಾಯಿಗಾಗಿ ಅರಚಿತು. ಅವನು ಕೈ ಹೊರಗೆಳೆದುಕೊಂಡ. ಟವೆಲ್ಲನ್ನು ಕೊಡವಿ ತಲೆಗೆ ಸುತ್ತಿದ.

"ಈಗ ನನ್ನ ಸರದಿ" ಎಂದು ಕನ್ನಡಕದವನು ತೋಳು ಮಡಚಿಕೊಂಡು ಮುಂದೆ ಬಂದ.

"ಇವತ್ತಿಗೆ ನನ್ನ ಟವೆಲ್ ಮುಗೀತು."

"ಬರೀ ಫೋಟೋಗೆ ಕಣಯ್ಯ."

"ಫೋಟೋಗೂ ಮುಗೀತು."

ಕನ್ನಡಕದವನು ಬಿಡುವ ಪೈಕಿಯಲ್ಲ. ಪಕ್ಕದಲ್ಲಿ ನಿಂತಿದ್ದ ಮುದಿ ದಲ್ಲಾಳಿಯ ಕಡೆ ತಿರುಗಿ, "ತಾತ, ನೀವಾದ್ರೂ ಕಲಿಸ್ಕೊಡಿ" ಎಂದು ಕೈ ಚಾಚಿದ. ತಾತ ಬೊಚ್ಚು ಬಾಯಲ್ಲಿ ನಗುತ್ತಾ ಟವೆಲ್ ಹರಡಿದ. ಕ್ಯಾಮೆರಾ ಆ ಕಡೆ ತಿರುಗಿತು.

"ತಾತ, ಬೇಡ" ಎಂದಳು ಅವಳು. ಸ್ಪೀಕರು ಗುಡುಗಿದ ಹಾಗಾಯಿತು. ಇಡೀ ಬಯಲು ತಿರುಗಿ ನೋಡಿತು.

ಕನ್ನಡಕದವನು ನಗು ಕಳೆಯದೆಯೇ ಅವಳ ಹತ್ತಿರ ಬಂದು ಕಿವಿಗೆ ಬಾಗಿದ. ನೆಲ ನೋಡಲು ಬಂದವನಿಗೆ ಕಾಲರಿನ ಮೈಕಿನ ಅಂದಾಜಿರಲಿಲ್ಲ.

"ಮ್ಯಾನೇಜರ್ ಪೋಸ್ಟ್ ಬೇಕೋ ಬೇಡ್ವೋ? ಈ ಮುದುಕ ಟವೆಲ್ ಎತ್ತಿದ್ರೂ ನಡೆಯುತ್ತೆ. ಬೆರಳು ಎಣಿಸೋ ಕುರಿಗಳು, ಜಾಗ ಹೋಗಿದ್ದು ಗೊತ್ತಾಗೋದು ಬುಲ್ಡೋಜರ್ ಬಂದಾಗಲೇ."

ಒಂದೊಂದು ಅಕ್ಷರವೂ ಸೊಂಟದ ಸ್ಪೀಕರಿನಿಂದ ಹೊರಬಂದು ಬೇಲಿ ದಾಟಿ, ನೀರಿನ ತೊಟ್ಟಿ ದಾಟಿ ಹೋಯಿತು.

ಕುರಿ ಹಿಡಿದವರೆಲ್ಲ ಅವನ ಕಡೆ ತಿರುಗಿದರು. ಅವನಿಗೂ ಗೊತ್ತಾಯಿತು. ಕನ್ನಡಕ ಮೂಗಿನ ಮೇಲೆ ಜಾರಿತು.

"ಇನ್ನೊಂದ್ಸಲ ಹೇಳಪ್ಪ, ಈ ಕಿವಿ ಸ್ವಲ್ಪ ಮಂದ" ಎಂದಳು ಗಂಟೆಯಜ್ಜಿ.

ಉಳಿದುದನ್ನು ಅವಳೇ ಮೈಕಿನಲ್ಲಿ ಹೇಳಿದಳು. ಗಾಜಿನ ಕಟ್ಟಡ, ತೊಳೆದ ಕುರಿ, ಹೆದ್ದಾರಿಯಾಚೆಯ ಕಸ. ಈಗ ಅದು ಅವಳದೇ ದನಿಯಾಗಿತ್ತು. ತಾತ ಟವೆಲ್ಲನ್ನು ಮೆಲ್ಲಗೆ ಮಡಚಿ, ಬಿಚ್ಚಿ, ತಲೆಗೆ ಸುತ್ತಿಕೊಂಡ. ಪಕ್ಕದವನು ಸುತ್ತಿಕೊಂಡ. ಅವನ ಪಕ್ಕದವನು. ನೀಲಿ, ಹಳದಿ, ಬಣ್ಣ ಹೋದದ್ದು, ಹರಿದದ್ದು, ನೋಡನೋಡುತ್ತಿದ್ದಂತೆ ಬಯಲಿನಲ್ಲಿ ಒಂದು ಹೆಗಲ ಮೇಲೂ ಟವೆಲ್ಲಿರಲಿಲ್ಲ. ಯಾರೂ ಕೂಗಲಿಲ್ಲ, ಯಾರೂ ಮೈ ಮುಟ್ಟಲಿಲ್ಲ. ಟೇಪಿನವನು ಟೇಪನ್ನು ತಾನಾಗಿಯೇ ಸುತ್ತಿಕೊಂಡ. ಮೂವರೂ ಬೇರೆ ದಾರಿಯಿಲ್ಲದೆ ಅದೇ ಬಸ್ಸು ಹತ್ತಿ, ಹಿಂದಿನ ಸೀಟಿನ ಪರದೆ ಎಳೆದುಕೊಂಡರು.

ಅಷ್ಟರಲ್ಲಿ ಮಾಲೀಕರ ಫೋನು ಬಂತು. ಅವಳು ಎರಡು ಸಲ "ಹೂಂ" ಎಂದಳು. ಮೈಕು, ಸ್ಪೀಕರು ಬಿಚ್ಚಿ ಡ್ರೈವರಣ್ಣನ ಕೈಗಿಟ್ಟಳು.

"ಕೆಲಸ ಹೋಯ್ತಾಮ್ಮ?"

"ಹೋಯ್ತಣ್ಣ. ಜನರನ್ನ ಹುಷಾರಾಗಿ ಮನೆ ಸೇರಿಸಿ."

"ನೀನು ಬರಲ್ವಾ?"

ಅಕ್ಕನ ಮನೆಯ ಬಾಡಿಗೆಯಲ್ಲಿ ತನ್ನ ಪಾಲು, ಅಕ್ಕನ ಮುಖ, ಎಲ್ಲ ಒಟ್ಟಿಗೆ ನೆನಪಾದವು. ಬೇಲಿಗೆ ಒರಗಿದಳು. ದಲ್ಲಾಳಿ ಬಂದು ಒಂದು ಮೊಳ ದೂರದಲ್ಲಿ ನಿಂತ.

"ನಾನೇ ಕರ್ಕೊಂಡು ಬಂದೆ ಅಂದ್ಕೊಂಡ್ರಾ?" ಎಂದು ನೆಲ ನೋಡುತ್ತಾ ಕೇಳಿದಳು.

"ಅಂದ್ಕೊಂಡೆ."

"ಮತ್ತೆ ಕೈ ಯಾಕೆ ತೆಗೆದ್ರಿ?"

"ಕಾರಣ ಕೇಳೋ ಹಾಗಿಲ್ಲವಲ್ಲ, ತುಟಿ ಅಲ್ಲಾಡಿಸಿದ್ದೇ ತಪ್ಪು." ಅವನು ಗಾಯದ ಅಂಗೈ ನೋಡಿಕೊಂಡ. "ಸುಳ್ಳು ಹೇಳೋ ಕೈ ಅಷ್ಟು ಬೆವರಲ್ಲ. ಎಷ್ಟು ಕೈ ಹಿಡಿದಿಲ್ಲ ನಾನು."

"ಎಷ್ಟು ಹಿಡಿದಿದೀರಾ?"

"ಎಲ್ಲ ಕುರಿಯವರದು. ಮೀಸೆ ಇರೋರದು."

ಅವಳಿಗೆ ನಗು ಬಂತು, ಅದರ ಜೊತೆಗೆ ಅಳುವೂ. "ಅವರು ಇನ್ನೊಂದು ವಾರ ಇನ್ನೊಂದು ಬಸ್ಸಲ್ಲಿ ಬರ್ತಾರೆ. ಇಷ್ಟಕ್ಕೆ ಬಿಡೋರಲ್ಲ."

"ಬರಲಿ. ಇವತ್ತು ತಲೆಗೆ ಸುತ್ತಿದ್ದು ನಾಳೆ ಸೊಂಟಕ್ಕೆ ಬಿಗಿತೀವಿ. ಮೈಕಿಲ್ಲದೆ ಕೂಗೋಕೆ ಬರುತ್ತಾ ನಿಮಗೆ?"

"ಕಲಿಸಿದ್ರೆ ಬರುತ್ತೆ."

ಬಸ್ಸು ಹಾರ್ನ್ ಹೊಡೆಯಿತು. ಅವನು ಆ ಕಡೆ ನೋಡಿದ, ಆಮೇಲೆ ತಲೆಯ ಮೇಲಿನ ಟವೆಲ್ಲಿಗೆ ಕೈ ಹಾಕಿದ. "ಹೋದ ವಾರದ್ದು ಒಂದು ಬಾಕಿ ಇತ್ತು. ಇವತ್ತು ಟವೆಲ್ ಬಿಚ್ಚೋ ಹಾಗಿಲ್ಲ, ಆದ್ರೂ..."

"ಬಿಚ್ಚಬೇಡ" ಎಂದಳು ಅವಳು.

ಅವಳು ಅವನ ಜೊತೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಅವನ ಕೈ ಅಲ್ಲೇ ನಿಂತಿತು.

ಈ ಸಂತೆಯಲ್ಲಿ ಬಿಸಿಲಿಗೆ ಕಾಣುವಂತೆ ಕೈ ಹಿಡಿದವರು ಇದುವರೆಗೆ ಯಾರೂ ಇರಲಿಲ್ಲ. ಮುಚ್ಚಿಟ್ಟು ಮಾತಾಡುವುದೇ ಇಲ್ಲಿಯ ಮರ್ಯಾದೆ. ಅವಳು ಆ ಕೈಯನ್ನು ತಲೆಯ ಮೇಲಿಂದ ಕೆಳಗಿಳಿಸಿ, ಗಂಟೆಯಜ್ಜಿಯ ಎದುರು, ತಾತನ ಎದುರು, ಕಿಟಕಿಗಳಿಂದ ಇಣುಕುತ್ತಿದ್ದ ಇಡೀ ಬಸ್ಸಿನ ಎದುರು, ಒಂದು ಬೆರಳೂ ಹೊರಗುಳಿಯದ ಹಾಗೆ ಎರಡು ಕೈಯಲ್ಲೂ ಮುಚ್ಚಿಕೊಂಡಳು.

ಬಸ್ಸು ಅವಳನ್ನು ಬಿಟ್ಟು ಹೊರಟಿತು. ಅವನು ನೋವಿಗೆ ಒಮ್ಮೆ ಮುಖ ಕಿವಿಚಿದ. ಅವನ ಅಂಗೈ ನಡುವೆ ಉಗುರಿನ ಗಾಯ ಇನ್ನೂ ಹಸಿಯಾಗಿತ್ತು. ಅವಳು ಹಿಡಿತ ಸಡಿಲಿಸಲು ಹೋದಳು. ಅವನು ಬಿಡಲಿಲ್ಲ.