ಮಿಡತೆಯ ಎಡಗೆನ್ನೆ

“ಅಲ್ಲಾಡಬೇಡ, ನೆಟ್ಟಗೆ ನಿಲ್ಲು. ಹಾಂ... ಈ ಕಡೆಯಿಂದ ನೋಡಿದ್ರೆ ನೀನು. ಆ ಕಡೆಯಿಂದ ನೋಡಿದ್ರೆ ಟೊಮೇಟೊ!”

ಕನ್ನಡಕದ ಹುಡುಗ ಮಿಡತೆಯ ಸುತ್ತ ಒಂದು ಸುತ್ತು ಬಂದು, ನ್ಯಾಯಾಧೀಶನಂತೆ ತೀರ್ಪು ಕೊಟ್ಟ. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು.

ಮಿಡತೆ ಎಂಬುದು ಅವಳ ನಿಜವಾದ ಹೆಸರಲ್ಲ. ಉದ್ದ ಜಿಗಿತದಲ್ಲಿ ಅವಳನ್ನು ಮೀರಿಸುವವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ಹಾಗೆ ಕರೆಯುತ್ತಿದ್ದರು. ಈಚೆಗೆ ಮನೆಯಲ್ಲಿ ಅಮ್ಮನಿಗೂ ಅದೇ ರೂಢಿಯಾಗಿತ್ತು.

ಹಿಂದಿನ ದಿನವಿಡೀ ಬಯಲಿನಲ್ಲಿ ಅಭ್ಯಾಸ ನಡೆದಿತ್ತು. ಇಂದು ಅವಳ ಬಲಗೆನ್ನೆ ಎಂದಿನಂತೆಯೇ ಇತ್ತು. ಎಡಗೆನ್ನೆ, ಎಡಗಿವಿ, ಎಡತೋಳು ಮಾತ್ರ ಕೆಂಪೇರಿ ಉರಿಯುತ್ತಿದ್ದವು.

“ಸನ್‌ಸ್ಕ್ರೀನ್ ಹಚ್ಚಿದ್ದೆ ಕಣೋ. ಎಕ್ಸ್‌ಪೈರಿ ಆಗಿರೋದು ಇರ್ಬೇಕು,” ಎಂದಳು ಮಿಡತೆ.

“ಎಡಗಡೆಗೆ ಹಚ್ಚಿದ್ದು ಮಾತ್ರ ಎಕ್ಸ್‌ಪೈರಿ ಆಗಿತ್ತಾ?”

ಮಿಡತೆ ಎಡಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡಳು. ಅವಳಿಗೆ ನಗುವ ಮನಸ್ಸಿರಲಿಲ್ಲ. ಶನಿವಾರ ಬೇರೆ ಬೇರೆ ಶಾಲೆಗಳೊಂದಿಗೆ ಸ್ಪರ್ಧೆ. ಈ ಕೆನ್ನೆಯನ್ನು ಕಂಡ ಮೇಲೂ ಅಮ್ಮ ತನ್ನನ್ನು ಬಿಸಿಲಿಗೆ ಕಳುಹಿಸುವಳೇ?

ಸಂಜೆ ಅಮ್ಮ ಡ್ಯೂಟಿ ಮುಗಿಸಿ ಬಂದಾಗ ಮಿಡತೆ ಮನೆಯೊಳಗೆ ಏಡಿಯಂತೆ ಅಡ್ಡಡ್ಡ ನಡೆಯುತ್ತಿದ್ದಳು. ಬಲಗೆನ್ನೆ ಅಮ್ಮನ ಕಡೆಗೆ, ಎಡಗೆನ್ನೆ ಗೋಡೆಯ ಕಡೆಗೆ. ಆದರೆ ಅಮ್ಮ ಸಿಟಿ ಬಸ್ಸಿನ ಡ್ರೈವರು. ಹಿಂದೆ ಬರುವ ವಾಹನಗಳನ್ನೆಲ್ಲ ಅಂಗೈಯಗಲದ ಕನ್ನಡಿಯಲ್ಲೇ ಗುರುತಿಸುವ ಕಣ್ಣು ಅವಳದು.

“ಏನೇ ಮಿಡತೆ, ಒಂದೇ ಸೈಡ್ ತೋರಿಸ್ಕೊಂಡು ಓಡಾಡ್ತಿದ್ದೀಯ? ಸ್ವಲ್ಪ ಯೂ ಟರ್ನ್ ತಗೋ ನೋಡೋಣ.”

ಮಿಡತೆ ತಿರುಗಿದಳು. ಅಮ್ಮನ ಕೈಯಲ್ಲಿದ್ದ ನೀರಿನ ಲೋಟ ಅರ್ಧ ದಾರಿಯಲ್ಲೇ ನಿಂತಿತು.

“ಅಯ್ಯೋ! ನನ್ನ ಕ್ರೀಮ್ ಹಚ್ಕೊಂಡು ಹೋಗು ಅಂದಿದ್ದೆನಲ್ಲ?”

“ಹಚ್ಕೊಂಡೆನಮ್ಮಾ. ನೀನು ಹಚ್ಕೊಳ್ಳೋ ಹಾಗೇ ಹಚ್ಕೊಂಡೆ.”

“ನಾನು ಹೇಗೆ ಹಚ್ಕೊಳ್ತೀನಿ?”

ಮಿಡತೆ ಅಭಿನಯಿಸಿ ತೋರಿಸಿದಳು. ಬಲಗೆನ್ನೆಗೆ ಒಂದು ಸಲ, ಬಲಗಿವಿಗೆ ಒಂದು ಸಲ, ಬಲತೋಳಿಗೆ ಮೇಲಿನಿಂದ ಮಣಿಕಟ್ಟಿನವರೆಗೆ. “ಅಷ್ಟೇ. ಆಮೇಲೆ ನೀನು ಟ್ಯೂಬಿನ ಮುಚ್ಚಳ ಹಾಕ್ತೀಯ.”

ಅಮ್ಮ ಒಂದು ಕ್ಷಣ ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿದಳು. ಅನಂತರ ಲೋಟವನ್ನು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಗುತ್ತ ಕುರ್ಚಿಯಲ್ಲಿ ಕುಸಿದಳು.

“ನನ್ನ ಜಾಣೆ! ನಾನು ಬಲಗಡೆ ಕಿಟಕಿ ಪಕ್ಕ ಕೂರ್ತೀನಿ ಕಣೇ. ನನಗೆ ಬಿಸಿಲು ಹೊಡೆಯೋದು ಆ ಕಡೆಯಿಂದ. ನೀನು ನಿಂತಿದ್ದು ಬಯಲಲ್ಲಿ. ಅಲ್ಲಿ ಸೂರ್ಯ ಏನು, ಟಿಕೆಟ್ ತಗೊಂಡು ಒಂದೇ ಸೀಟಲ್ಲಿ ಕೂತಿರ್ತಾನಾ?”

ಮಿಡತೆಗೂ ನಗು ಬಂತು. ನಕ್ಕರೆ ಕೆನ್ನೆ ಉರಿಯಿತು.

ಅಮ್ಮ ಅವಳ ಗಲ್ಲ ಹಿಡಿದು ದೀಪದ ಕಡೆಗೆ ತಿರುಗಿಸಿದಳು. ನಗು ಅಲ್ಲಿಗೇ ನಿಂತಿತು. ಬೆಂದಿರದ ಬಲಗೆನ್ನೆಯ ಮೇಲೂ ಸಾಸಿವೆಯಂಥ ಸಣ್ಣ ಸಣ್ಣ ಗುಳ್ಳೆಗಳೆದ್ದಿದ್ದವು.

“ನನ್ನದು ಒಣಚರ್ಮ. ಆ ಕ್ರೀಮು ಗಟ್ಟಿ, ಜಿಡ್ಡು, ಮೇಲೆ ಸೆಂಟು ಬೇರೆ. ಅದು ನಿನಗೆ ಒಗ್ಗಿಲ್ಲ. ಹಚ್ಚಿದ ಕಡೆ ಗುಳ್ಳೆ, ಹಚ್ಚದ ಕಡೆ ಉರಿ. ಶನಿವಾರ ಹೋಗೋದು ಬೇಡ.”

“ಅಮ್ಮಾ!”

“ಅಮ್ಮ ಇಲ್ಲೇ ಇದ್ದೀನಿ, ಕೂಗಬೇಡ.”

“ನನಗೆ ಒಗ್ಗೋ ಕ್ರೀಮ್ ಸಿಕ್ಕಿದ್ರೆ?”

ಅಮ್ಮ ಎರಡೂ ಕೆನ್ನೆಗಳನ್ನು ಮತ್ತೊಮ್ಮೆ ನೋಡಿದಳು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಹೇಳಿದಳು: “ಸಿಗ್ಲಿ. ಅದು ಒಗ್ಗುತ್ತೆ ಅಂತ ಗ್ಯಾರಂಟಿ ಆಗ್ಲಿ. ಆಮೇಲೆ ನೋಡೋಣ.”

ಮೆಡಿಕಲ್ ಶಾಪಿನಲ್ಲಿ ಮಿಡತೆಯ ಕೈ ನೇರವಾಗಿ ಎಲ್ಲಕ್ಕಿಂತ ದೊಡ್ಡ ಅಂಕಿಯಿದ್ದ ಟ್ಯೂಬಿಗೆ ಹೋಯಿತು. “ಇದೇ ಬೇಕು. ಇದರಲ್ಲಿ ನೂರು ಅಂತಿದೆ. ಅದರಲ್ಲಿ ಬರೀ ಐವತ್ತು.”

“ನೂರಕ್ಕೆ ಐವತ್ತು ಬಂದಿರೋನು ಫೇಲ್ ಆಗಿದ್ದಾನಾ?” ಎಂದು ಅಂಗಡಿಯ ಅಕ್ಕ ನಕ್ಕಳು. “ಇದು ಮಾರ್ಕ್ಸ್ ಅಲ್ಲ ಪುಟ್ಟಾ, ಬಿಸಿಲು ತಡೆಯೋ ಶಕ್ತಿ. ಮೂವತ್ತೋ ಐವತ್ತೋ ಇದ್ರೆ ಸಾಕು. ಚೂರೇ ಚೂರು ಸವರಿಕೊಂಡ್ರೆ ನೂರೂ ಕೆಲಸ ಮಾಡಲ್ಲ. ಅದಿರಲಿ, ಆಡಿದಾಗ ಮುಖ ಜಿಡ್ಡಾಗುತ್ತಾ?”

“ದೋಣಿ ಬಿಡಬಹುದು, ಅಷ್ಟು!” ಎಂದಳು ಅಮ್ಮ.

“ಸೆಂಟಿನ ಸೋಪು ಹಾಕಿದ್ರೆ ತುರಿಸುತ್ತಾ?”

“ಹೂಂ,” ಎಂದಳು ಮಿಡತೆ. ಇದುವರೆಗೆ ಅವಳಿಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಅಕ್ಕ ಒಳಗಿನಿಂದ ಒಂದು ಸಾದಾ ಬಿಳಿ ಟ್ಯೂಬ್ ತಂದಳು. ಅದರ ಮೇಲೆ ಹೂವಿಲ್ಲ, ಹಣ್ಣಿಲ್ಲ; ಮೂಸಿದರೆ ಯಾವ ವಾಸನೆಯೂ ಇಲ್ಲ. “ಜಿಡ್ಡಿಲ್ಲದ್ದು, ಬೆವರಿಗೆ ಬೇಗ ಇಳಿಯಲ್ಲ. ಮುಖ ಸ್ವಲ್ಪ ಬೆಳ್ಳಗೆ ಕಾಣುತ್ತೆ, ಸಹಿಸ್ಕೋ. ಮೊದಲು ಮೊಣಕೈ ಒಳಭಾಗಕ್ಕೆ ಒಂದು ಬೊಟ್ಟು ಹಚ್ಚಿ, ನಾಳೆವರೆಗೆ ನೋಡು. ಈ ಕೆಂಪು ಆರೋ ತನಕ ಬಿಸಿಲಿಗೆ ಬೀಳಬೇಡ. ಮೈದಾನಕ್ಕೆ ಹೋಗೋ ದಿನ, ಬಿಸಿಲಿಗೆ ಇಳಿಯೋದಕ್ಕೆ ಕಾಲು ಗಂಟೆ ಮೊದಲೇ ಹಚ್ಕೋ. ಪ್ರತಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಕೋ. ಬೆವರು ಒರೆಸಿಕೊಂಡ್ರೆ ಆಗಲೂ ಹಚ್ಕೋ.”

ಮರುದಿನ ಶಾಲೆಯಲ್ಲಿ ಮಿಡತೆ ಪುಸ್ತಕಕ್ಕಿಂತ ಹೆಚ್ಚಾಗಿ ತನ್ನ ತೋಳನ್ನೇ ಓದಿದಳು.

“ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?” ಎಂದು ಕನ್ನಡಕದವನು ಕೇಳಿದ.

“ತುರಿಸುತ್ತಾ ಅಂತ ನೋಡ್ತಿದ್ದೀನಿ. ತುರಿಸಿದ್ರೆ ಶನಿವಾರ ನನ್ನ ಜಿಗಿತ ಇಲ್ಲ.”

ಅವನು ಕನ್ನಡಕ ಸರಿಪಡಿಸಿಕೊಂಡು ತಾನೂ ಬಗ್ಗಿ ನೋಡಿದ. ಶಾಲೆ ಬಿಡುವವರೆಗೂ ಇಬ್ಬರೂ ಸರದಿಯಂತೆ ನೋಡಿದರು. ತೋಳು ತೋಳಾಗಿಯೇ ಉಳಿಯಿತು. ಕೆನ್ನೆಯ ಉರಿಯೂ ದಿನೇ ದಿನೇ ಆರಿತು. ಶುಕ್ರವಾರ ಸಂಜೆ ಅಮ್ಮ ಮತ್ತೊಮ್ಮೆ ಗಲ್ಲ ಹಿಡಿದು, ದೀಪಕ್ಕೆ ತಿರುಗಿಸಿ ನೋಡಿ, “ಗ್ರೀನ್ ಸಿಗ್ನಲ್” ಎಂದಳು.

ಶನಿವಾರ ಅಮ್ಮ ನಸುಕಿನಲ್ಲೇ ಡ್ಯೂಟಿಗೆ ಹೊರಟಿದ್ದಳು. ಮಿಡತೆ ಕನ್ನಡಿಯ ಮುಂದೆ ನಿಂತು ಎರಡೂ ಕೆನ್ನೆಗೆ, ಎರಡೂ ಕಿವಿಗೆ, ಕತ್ತಿನ ಹಿಂಭಾಗಕ್ಕೆ, ಕೈಕಾಲುಗಳಿಗೆ ತಾನೇ ಹಚ್ಚಿಕೊಂಡಳು.

“ಯಾರಮ್ಮ ನೀನು? ಹಿಟ್ಟಿನ ಡಬ್ಬದಲ್ಲಿ ಮಲಗಿದ್ದೆಯಾ?” ಎಂದು ಮೈದಾನದಲ್ಲಿ ಕನ್ನಡಕದವನು ಸ್ವಾಗತಿಸಿದ.

ಪ್ರತಿಯೊಬ್ಬರಿಗೂ ಮೂರು ಜಿಗಿತಗಳ ಅವಕಾಶವಿತ್ತು. ಮೊದಲ ಜಿಗಿತದಲ್ಲಿ ಮಿಡತೆ ಮರಳಿನ ಮೇಲೆ ಮುಗ್ಗರಿಸಿದಳು. ಮರಳೆಲ್ಲ ಮುಖಕ್ಕೆ ಮೆತ್ತಿಕೊಂಡಿತು.

“ಈಗ ಎಳ್ಳು ಉದುರಿಸಿದ ಬನ್!”

ಅವಳು ನೆರಳಿಗೆ ಹೋಗಿ ಮುಖ ಒರೆಸಿಕೊಂಡಳು. ಟ್ಯೂಬು ತೆಗೆದು ಮತ್ತೆ ಹಚ್ಚಿಕೊಂಡಳು. ಕನ್ನಡಕದವನು ಆಚೀಚೆ ನೋಡಿ, ತನ್ನ ಮೂಗನ್ನು ಮುಂದಕ್ಕೆ ಚಾಚಿ, “ನನ್ನದೂ ಉರೀತಿದೆ. ಒಂಚೂರು ಕೊಡೇ” ಎಂದ.

“ಮೊದಲು ಮೊಣಕೈಗೆ ಹಚ್ಚಿ ನೋಡು. ನಾಳೆ ಕೇಳು. ಈಗ ಟೋಪಿ ಹಾಕ್ಕೋ,” ಎಂದಳು ಮಿಡತೆ, ಅಂಗಡಿಯ ಅಕ್ಕನಷ್ಟೇ ಗಂಭೀರವಾಗಿ.

ಎರಡನೆಯ ಜಿಗಿತ ಸದ್ಯಕ್ಕೆ ಮೂರನೆಯ ಸ್ಥಾನಕ್ಕೆ ಸಾಕಾಯಿತು. ಓಡುವ ಮೊದಲು ಲೇಸು ಬಿಚ್ಚಿ ಕಟ್ಟುವುದು, ಕುಪ್ಪಳಿಸುವುದು, ಮತ್ತೆ ಲೇಸು ನೋಡುವುದು ಅವಳ ಅಭ್ಯಾಸ. “ಬೇಗ, ಬೇಗ!” ಎಂದು ಪಿ.ಟಿ. ಮೇಷ್ಟ್ರು ಎರಡು ಸಲವೂ ಸೀಟಿ ಊದಿ ಸುಸ್ತಾಗಿದ್ದರು.

ಮೂರನೆಯ ಸರದಿಗೆ ಮುನ್ನ ಬೇಲಿಯ ಹೊರಗೆ ಖಾಕಿ ಅಂಗಿ ಕಾಣಿಸಿತು. ಊಟದ ಬಿಡುವಿನಲ್ಲಿ ಅಮ್ಮ ಬಂದಿದ್ದಳು. ಮಿಡತೆ ಓಡಿಹೋದಳು.

“ಅಮ್ಮಾ, ಇಲ್ಲಿ ಯಾಕೆ ನಿಂತಿದ್ದೀಯ? ಅಲ್ಲಿ ಮರ ಇದೆ, ನೆರಳಿದೆ.”

“ಅಲ್ಲಿಂದ ಮರಳು ಕಾಣಲ್ಲ ಕಣೇ. ನೀನು ಬೀಳೋದನ್ನ ನೋಡೋದು ಬೇಡ್ವಾ?”

“ಬೀಳಲ್ಲ. ಜಿಗೀತೀನಿ.”

“ಸರಿ, ದೂರ ಹೋಗಿ ಬೀಳು.”

ಅಮ್ಮ ತನ್ನೆರಡು ತೋಳುಗಳನ್ನು ಬೇಲಿಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನಗುತ್ತಿದ್ದಳು. ಎಡತೋಳಿನ ಬಣ್ಣ ಮಿಡತೆಯ ತೋಳಿನಂತೆಯೇ ಇತ್ತು. ಬಲತೋಳಿನ ಬಣ್ಣವೇ ಬೇರೆ. ಗಾಢವಾಗಿ, ಒರಟಾಗಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಚುಕ್ಕೆ ಚುಕ್ಕೆಯಾಗಿತ್ತು. ಕ್ರೀಮು ಹಚ್ಚಿಯೂ ಹೀಗೆ. ತನ್ನ ಕೆನ್ನೆಗೆ ಬಿದ್ದದ್ದು ಒಂದು ದಿನದ ಬಿಸಿಲು.

ಮಿಡತೆ ತಿರುಗಿ ಬಂದು ಗೆರೆಯ ಬಳಿ ನಿಂತಳು.

ಈ ಸಲ ಅವಳು ಲೇಸು ಮುಟ್ಟಲಿಲ್ಲ, ಕುಪ್ಪಳಿಸಲಿಲ್ಲ. ಅಮ್ಮ ಬಿಸಿಲಿನಲ್ಲಿದ್ದಾಳೆ. ಮೇಷ್ಟ್ರ ಸೀಟಿ ಕೇಳಿದ ಕೂಡಲೇ ಓಡಿದಳು.