ಒಂದೇ ಕೈಯಲ್ಲಿ ಬಿಚ್ಚುವ ಕಂಕಣ

"ಬೆಲ್ಟು ತೆಗೀರಿ!"

ಕೂಗಿದ ನಿಂಗಕ್ಕ ಯಾರಿಗೂ ಕಾಯಲಿಲ್ಲ. ತಾನೇ ಕೋಲು ಹಿಡಿದು, ಓಡುತ್ತಿದ್ದ ಬೆಲ್ಟನ್ನು ಚಕ್ರದಿಂದ ತಳ್ಳಿ ಬೀಳಿಸಿದಳು. ಉಣ್ಣೆ ಹಿಂಜುವ ಯಂತ್ರ ನಿಂತಿತು. ಅಷ್ಟರಲ್ಲಿ ಪಾಲಯ್ಯನ ಬಲಗೈಯ ತೋರುಬೆರಳು, ನಡುಬೆರಳು ಮುಳ್ಳುರೋಲರಿನೊಳಗೆ ಹೋಗಿಬಿಟ್ಟಿದ್ದವು.

ಹಿರಿಯೂರಿನಲ್ಲಿ ಕರೆಂಟಿನ ಉಣ್ಣೆ ಗಿರಣಿ ಹೊಸದಾಗಿ ಬಂದಿದ್ದ ಕಾಲ. ರೋಲರಿಗೆ ಮುಚ್ಚಳವಿತ್ತು. ಪದೇ ಪದೇ ಬಿಚ್ಚುವುದು ತಾಪತ್ರಯ ಅಂತ ಮಾಲೀಕ ಅದನ್ನು ತೆಗೆಸಿ ಮೂಲೆಗೆ ಹಾಕಿಸಿದ್ದ, ಮಹಾ ಬುದ್ಧಿವಂತ. ಸಿಕ್ಕಿಕೊಂಡ ಉಣ್ಣೆಯನ್ನು ಯಂತ್ರ ಓಡುವಾಗಲೇ ಕೈಯಿಂದ ಕೀಳುವುದು ಅಲ್ಲಿನ ರೂಢಿಯಾಗಿತ್ತು.

ಅವತ್ತು "ಮಾವ, ಉಣ್ಣೆ ಸಿಕ್ಕೈತೆ, ತೆಗೀರಿ" ಎಂದಿದ್ದವಳು ನಿಂಗಕ್ಕನೇ. ಪಾಲಯ್ಯ ಅವಳ ಸೋದರಮಾವನ ಮಗ. ಇಬ್ಬರಿಗೂ ಮದುವೆ ನಿಶ್ಚಯವಾಗಿತ್ತು.

ಚಿತ್ರದುರ್ಗದ ಆಸ್ಪತ್ರೆಯಿಂದ ಎರಡು ಬೆರಳಿಲ್ಲದೆ ಬಂದವನು ಮದುವೆ ಬೇಡ ಎಂದುಬಿಟ್ಟ. ಕಾರಣ ಹೇಳಲಿಲ್ಲ.

ನನ್ನ ಮಾತಿನಿಂದಲೇ ಬೆರಳು ಹೋದವು... ಮಾವನಿಗೆ ನನ್ನ ಮುಖ ನೋಡೋಕೂ ಮನಸ್ಸಿಲ್ಲ...

ನಿಂಗಕ್ಕ ಉಣ್ಣೆ ರಾಶಿಯ ಹಿಂದೆ ಕುಳಿತು ಅತ್ತಳು. ಅತ್ತು ಅತ್ತು ಸಾಕಾಗಿ, ಅವನ ಮನೆಗೇ ಹೋದಳು.

"ತಪ್ಪು ನಂದೇ ಮಾವ. ಬೈರಿ. ಹಿಂಗೆ ಸುಮ್ನಿರಬ್ಯಾಡ್ರಿ."

"ನಿಂದೇನ್ ತಪ್ಪೈತೆ? ಮುಚ್ಚಳ ತೆಗೆಸ್ದೋನ್ದು ತಪ್ಪು. ನೀನು ಬೆಲ್ಟು ಬೀಳಿಸ್ದಿದ್ರೆ ಕೈನೇ ಹೋಗ್ತಿತ್ತು."

"ಹಂಗಾರೆ ಮದ್ವೆ ಯಾಕೆ ಬ್ಯಾಡ ಅಂದ್ರಿ?"

ಪಾಲಯ್ಯ ಕೈಯನ್ನು ಕಂಬಳಿಯೊಳಗೆ ಸರಿಸಿದ.

"ನಮ್ಮೋರ ಪದ್ಧತಿಯಂಗೆ ಮದ್ವೆ ಮುಗ್ದಾಗ ನಿನ್ ಕೈಗೆ ಕಟ್ಟಿದ್ ಉಣ್ಣೆ ಕಂಕಣ ನಾನು ಬಲಗೈ ಒಂದ್ರಾಗೇ ಬಿಚ್ಬೇಕು. ಎಲ್ರೂ ಸುತ್ತ ನಿಂತಿರ್ತಾರೆ. ನನ್ನ ನೋಡಿ ನಕ್ರೆ ನಗ್ಲಿ... ಇಂಥೋನ್ನ ಕಟ್ಕಂಡ್ಲಲ್ಲ ಅಂತ ನಿನ್ನ ನೋಡಿ ನಗ್ಬಾರ್ದು."

ಇಷ್ಟಕ್ಕಾ ನನ್ನ ಜೀವ ಹಿಂಡಿದ್ದು? ನಿಂಗಕ್ಕನಿಗೆ ಸಿಟ್ಟೂ ಬಂತು, ಅಳುವೂ ಬಂತು. ಮೂಲೆಯಲ್ಲಿದ್ದ ಉಣ್ಣೆ ದಾರವನ್ನು ಎಡ ಮಣಿಕಟ್ಟಿಗೆ ಸುತ್ತಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿದಳು. ಕೈ ಮುಂದೆ ಚಾಚಿದಳು.

"ಬಿಚ್ರಿ."

ಹೆಬ್ಬೆರಳಿಗೆ ಜೋಡಿ ಬೆರಳಿರಲಿಲ್ಲ. ಗಂಟು ಜಾರಿತು, ಮತ್ತೆ ಜಾರಿತು. ಅವನ ಹಣೆಯಲ್ಲಿ ಬೆವರು ಬಂತು. ಅವಳು ಕೈ ಹಿಂದೆಗೆಯಲಿಲ್ಲ, ನೆರವೂ ಕೊಡಲಿಲ್ಲ. ಕಡೆಗೆ ಉಂಗುರದ ಬೆರಳಿನ ಉಗುರು ಗಂಟಿಗೆ ಸಿಕ್ಕಿತು. ದಾರ ಸಡಿಲಾಗಿ ಅವನ ಅಂಗೈಗೆ ಬಿತ್ತು.

"ಭಾಳ ತಡ ಆಯ್ತಲ್ಲ" ಎಂದ.

"ಆಗ್ಲಿ ಬಿಡ್ರಿ. ಅಷ್ಟೊತ್ತೂ ನನ್ ಕೈ ನಿಮ್ ಕೈಯಾಗೇ ಇತ್ತಲ್ಲ... ನಂಗೆ ನೀವು ಬೇಕು ಮಾವ."

ಪಾಲಯ್ಯ ಆ ದಾರವನ್ನು ಅವಳಿಗೇ ಕೊಟ್ಟ. ಈ ಸಲ ಕೈ ಮುಚ್ಚಿಡಲಿಲ್ಲ.

"ನಂಗೂ ನೀನೇ ಬೇಕು. ಇನ್ನೊಂದ್ಸಲ ಕಟ್ಟು ನಿಂಗಿ. ಗಟ್ಟಿಯಾಗಿ ಕಟ್ಟು."