ನಿನಗಾಗಿ ಕಾದ ತಾಳ

"ನಿಲ್ಲಿ! ಒಳಗೆ ಕಾಲಿಡ್ಬೇಡಿ... ನೆಲ ಇನ್ನೂ ಒದ್ದೆ!"

ಆ ಮಾತು ಕಿವಿಗೆ ಬೀಳುವಷ್ಟರಲ್ಲಿ ಧನ್ಯಾಳ ಕಾಲು ಹೊಸ್ತಿಲು ದಾಟಿಯಾಗಿತ್ತು. ಸೋಪಿನ ನೀರಿನ ಮೇಲೆ ಹಿಮ್ಮಡಿ ಜಾರಿತು. ಬೀಳಬೇಕು ಎನ್ನುವಾಗ ಯಾರೋ ಓಡಿ ಬಂದು ಅವಳ ತೋಳನ್ನು ಗಟ್ಟಿಯಾಗಿ ಹಿಡಿದರು.

ತಲೆಯೆತ್ತಿದಳು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಕೈಯಲ್ಲಿ ಪೊರಕೆ ಹಿಡಿದಿದ್ದ ಯುವಕ. ಅವನ ಕಣ್ಣಲ್ಲಿ ನಿಜವಾದ ಗಾಬರಿ.

"ಬಿಡಿ ನನ್ನ!"

"ಬಿಟ್ರೆ ಬೀಳ್ತೀರಿ."

"ಬಿದ್ರೆ ಏಳೋದು ನಂಗೊತ್ತು!"

ಅವನು ಬಿಟ್ಟ. ಅವಳು ಬಿದ್ದಳು!

ನಾಚಿಕೆಯಿಂದ ಮುಖ ಕೆಂಪಾಯಿತು. ಅವನು ಚಾಚಿದ ಕೈಯನ್ನು ನೋಡಿಯೂ ನೋಡದಂತೆ ಧನ್ಯಾ ಒಮ್ಮೆ ಉಸಿರು ತೆಗೆದುಕೊಂಡಳು. ಅಂಗೈಯನ್ನು ನೆಲಕ್ಕೂರಿ, ಮೈಭಾರವನ್ನೆಲ್ಲ ಬಲಗಾಲಿಗೆ ಸರಿಸಿ, ಎಡ ಮಂಡಿಯನ್ನು ಮಗುವಿನಂತೆ ಜೋಪಾನವಾಗಿ ಎಳೆದುಕೊಂಡು, ನಡುವೆ ಒಂದು ಕ್ಷಣ ತಡೆದು, ಆಮೇಲೆ ನಿಧಾನವಾಗಿ ಎದ್ದು ನಿಂತಳು.

ಅವನು ನಗಲಿಲ್ಲ. 'ಎಂತ ಆಯ್ತು ಕಾಲಿಗೆ?' ಎಂದು ಕೇಳಲೂ ಇಲ್ಲ. ಸುಮ್ಮನೆ ನೋಡುತ್ತ ನಿಂತಿದ್ದ.

'ಅಯ್ಯೋ ದೇವರೇ... ನೋಡಿಬಿಟ್ಟನಲ್ಲ!'

ಅವನ ಹೆಸರು ಬಾಲರಾಜ್. ಅವಳ ಹಾಗೆಯೇ ನೃತ್ಯ ಶಿಬಿರಕ್ಕೆ ಹೊಸ ನೃತ್ಯ ಕಟ್ಟಲು ಬಂದವನು.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯ ಒಂದು ಎಸ್ಟೇಟಿನಲ್ಲಿ ಹಳೆಯ ಕಾಫಿ ಗೋದಾಮನ್ನು ಖಾಲಿ ಮಾಡಿಸಿ ಸುಪ್ರಿಯಾ ಎಂಬ ಹಿರಿಯ ನರ್ತಕಿ ಆ ಶಿಬಿರ ನಡೆಸುತ್ತಿದ್ದರು. ಆರು ವಾರ ಅಲ್ಲೇ ಇರಬೇಕು. ಕೊನೆಗೆ ಕಾಫಿ ಒಣಗಿಸುವ ಕಣದಲ್ಲಿ ತಾವು ಕಟ್ಟಿದ ಹೊಸ ನೃತ್ಯವನ್ನು ಜನರ ಮುಂದೆ ತೋರಿಸಬೇಕು. ಆ ಸಲ ನಾಲ್ಕು ಜನ ಆಯ್ಕೆಯಾಗಿದ್ದರು.

ಧನ್ಯಾ ಕಳಸದವಳು. ಅಪ್ಪ ವೆಂಕಟೇಶರಿಗೆ ಅಲ್ಲಿ ಸಣ್ಣದೊಂದು ಕಾಫಿ ತೋಟ. ಏಳನೇ ವಯಸ್ಸಿಗೆ ಗೆಜ್ಜೆ ಕಟ್ಟಿದ ಮಗಳು ಮುಂದೊಂದು ದಿನ ದೊಡ್ಡ ವೇದಿಕೆ ಏರುತ್ತಾಳೆ ಎಂದು ಮನೆಯವರೆಲ್ಲ ನಂಬಿದ್ದರು. ಆದರೆ ಮೂರು ವರ್ಷದ ಹಿಂದೆ ಚಿಕ್ಕಮಗಳೂರಿನಲ್ಲಿ, ತುಂಬಿದ ಸಭೆಯ ಮುಂದೆ, ಅವಳ ಎಡ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ನಡಿಗೆ ಸರಿಹೋಯಿತು. ಮಂಡಿ ಮಡಚಿ ನಿಲ್ಲುವ ಅರೆಮಂಡಿಯಲ್ಲಿ ಮಾತ್ರ ಮೊದಲಿನಂತೆ ನಿಲ್ಲಲಾಗಲಿಲ್ಲ.

ಗೊತ್ತಾಗಿದ್ದ ಮದುವೆ ಸಂಬಂಧವೊಂದು ಕೂಡ ಅದೇ ನೆಪದಲ್ಲಿ ತಪ್ಪಿಹೋಯಿತು. 'ಹುಡುಗಿ ಕಾಲು ಸರಿ ಇಲ್ವಂತೆ' ಎಂಬ ಮಾತು ಊರೆಲ್ಲ ಸುತ್ತಿ ಅವರ ಮನೆ ಬಾಗಿಲಿಗೇ ಬಂದಿತ್ತು. ಅಂದಿನಿಂದ ಅವಳು ಆ ಮಂಡಿಯ ಮಾತನ್ನು ಯಾರೊಂದಿಗೂ ಎತ್ತುತ್ತಿರಲಿಲ್ಲ. ಶಿಬಿರದಲ್ಲೂ ಯಾರಿಗೂ ಹೇಳಿರಲಿಲ್ಲ.

ಬಾಲರಾಜನ ದಾರಿಯೇ ಬೇರೆ. ಕೊಟ್ಟಿಗೆಹಾರದ ಹತ್ತಿರದ ತೋಟವೊಂದರ ಕೂಲಿಕಾರರ ಲೈನ್‌ಮನೆಯಲ್ಲಿ ಹುಟ್ಟಿದವನು. ತಾಯಿ ಯಲ್ಲಮ್ಮ ಇವತ್ತಿಗೂ ಕಾಫಿ ಕೊಯ್ಯಲು ಹೋಗುತ್ತಾರೆ. ಟಿವಿ ನೋಡಿ ಕುಣಿಯಲು ಕಲಿತ. ಮೂಡಿಗೆರೆ ಸುತ್ತಿನ ಶಾಲೆಗಳಲ್ಲಿ ಸ್ಕೂಲ್ ಡೇ ಬಂತೆಂದರೆ ಮಕ್ಕಳಿಗೆ ಡ್ಯಾನ್ಸ್ ಕಲಿಸುವವನು ಅವನೇ. ಡೋಲನ್ನೂ ಚೆನ್ನಾಗಿ ಬಾರಿಸುತ್ತಿದ್ದ.

"ನಂಗೆ ಈ ಮುದ್ರೆ, ಹಸ್ತ ಎಲ್ಲ ಬರಲ್ಲ ಮೇಡಂ. ನನ್ನ ಯಾಕೆ ಆರಿಸಿದ್ರೋ ನಂಗೇ ಗೊತ್ತಿಲ್ಲ," ಎಂದು ಮೊದಲ ದಿನವೇ ಎಲ್ಲರೆದುರು ಹೇಳಿಕೊಂಡಿದ್ದ.

ಬೆಳಗ್ಗೆ ಗೋದಾಮು ಧನ್ಯಾಳದು, ಮಧ್ಯಾಹ್ನ ಬಾಲರಾಜನದು. ಊಟದ ಮನೆ ಮಾತ್ರ ದಿಬ್ಬದ ಮೇಲಿತ್ತು. ಆ ಏರು ಹತ್ತುವಾಗ ಅವಳ ಮಂಡಿ ಹಿಡಿದುಕೊಳ್ಳುತ್ತಿತ್ತು. ಪುಣ್ಯಕ್ಕೆ ಜೊತೆಗೆ ಬರುತ್ತಿದ್ದ ಬಾಲರಾಜ್ ಪ್ರತಿ ತಿರುವಿನಲ್ಲೂ ನಿಂತು ಫೋನನ್ನು ಆಕಾಶಕ್ಕೆ ಎತ್ತುತ್ತಿದ್ದ.

"ಒಂದ್ನಿಮಿಷ ಇರಿ. ಇಲ್ಲಿ ನೆಟ್‌ವರ್ಕ್ ಸಿಗುತ್ತಾ ನೋಡ್ತೀನಿ."

"ಯಾರಿಗೆ ಅಷ್ಟೊಂದು ಫೋನು?"

"ಅವ್ವಂಗೆ."

'ಪಾಪ, ತಾಯಿ ಅಂದ್ರೆ ಎಷ್ಟು ಪ್ರೀತಿ!' ಎಂದುಕೊಳ್ಳುತ್ತ ಅವಳು ಬೇಲಿಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದಳು. ಹೂಮಳೆ ಬಿದ್ದು, ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾಗಿತ್ತು. ಆ ಘಮದಲ್ಲಿ ಅವನ ಸ್ಕೂಲ್ ಡೇ ಕತೆಗಳನ್ನು ಕೇಳಿ ಅವಳು ಎಷ್ಟೋ ದಿನಗಳ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಊಟದ ಹೊತ್ತು ಬೇಗ ಬರಲಿ ಎಂದು ಮನಸ್ಸು ಕಾಯತೊಡಗಿತ್ತು...

ನೃತ್ಯ ಮಾತ್ರ ಮುಂದೆ ಸಾಗುತ್ತಿರಲಿಲ್ಲ. ಏನು ಕಟ್ಟಿದರೂ ಅದು ಅವಳ ಹಳೆಯ ದೇಹಕ್ಕಾಗಿ ಕಟ್ಟಿದಂತಿರುತ್ತಿತ್ತು. ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು.

ಮೂರನೇ ವಾರದ ಕೊನೆಗೆ ಎಲ್ಲರೂ ಅಲ್ಲಿಯವರೆಗಿನ ಕೆಲಸವನ್ನು ತೋರಿಸಬೇಕಾಯಿತು. ಸುತ್ತಲ ತೋಟಗಳ ಕೆಲಸದವರೂ ನೋಡಲು ಬಂದು ಗೋಡೆಗೆ ಒರಗಿ ಕೂತಿದ್ದರು.

ಬಾಲರಾಜ್ ಗಾಳಿಯಂತೆ ಕುಣಿದ. ಒಮ್ಮೆಲೇ ಬಿದ್ದ. ಎಲ್ಲ ಸದ್ದೂ ನಿಂತಿತು. ಅಂಗೈ ನೆಲಕ್ಕೂರಿದ. ಭಾರವನ್ನೆಲ್ಲ ಬಲಗಾಲಿಗೆ ಸರಿಸಿದ. ಎಡ ಮಂಡಿಯನ್ನು ಮೆಲ್ಲನೆ ಎಳೆದುಕೊಂಡ. ನಡುವೆ ತಡೆದ. ಎದ್ದ.

ಧನ್ಯಾ ಕೂತಲ್ಲೇ ನೆಟ್ಟಗಾದಳು. ಅದು ಅವಳೇ! ಅವಳು ಏಳುವ ರೀತಿಯೇ!

ಹಿಂದೆ ಕೂತ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕನೆ ನಕ್ಕರು.

ಮುಗಿದ ಕೂಡಲೇ ಅವಳು ಹೊರಗೆ ಅವನನ್ನು ಅಡ್ಡಗಟ್ಟಿದಳು.

"ಕುಂಟಿಯನ್ನ ಅಣಕಿಸಿ ಜನರನ್ನ ನಗಿಸಿದ್ರಲ್ಲ... ಖುಷಿ ಆಯ್ತಾ?"

ಬಾಲರಾಜನ ಮುಖ ಬಿಳಿಚಿಕೊಂಡಿತು. "ಅಣಕಾನಾ? ಧನ್ಯಾ ಅವ್ರೇ, ನಾನು..."

"ಇನ್ನೊಂದು ಮಾತು ಆಡಬೇಡಿ! ಯಾರಿಗೂ ಹೇಳದೇ ಇದ್ದದ್ದು ಅದು. ನೀವು ಅದನ್ನ ನಾಲ್ಕು ಜನರ ಮುಂದೆ ತಂದು ಹರವಿಬಿಟ್ರಿ."

ಅಂದಿನಿಂದ ಅವರಿಬ್ಬರ ಮಾತು ನಿಂತಿತು. ಅವನು ಊಟಕ್ಕೆ ಅವಳಿಗಿಂತ ಮೊದಲೇ ಹೋಗಿ ಬಂದುಬಿಡುತ್ತಿದ್ದ. ಧನ್ಯಾ ಒಬ್ಬಳೇ ಆ ಏರು ಹತ್ತುತ್ತಿದ್ದಳು. ನಿಂತು ಸುಧಾರಿಸಿಕೊಳ್ಳಲು ಸಂಕೋಚ. ಹತ್ತಿದ ಮೇಲೆ ಕಣ್ಣಲ್ಲಿ ನೀರು. ಅದು ಮಂಡಿಯ ನೋವಿಗೋ, ಬೇರೆ ನೋವಿಗೋ... ಅವಳಿಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ಬಟ್ಟೆಯನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ಸುಪ್ರಿಯಾರ ಮುಂದೆ ನಿಂತಳು.

"ನಾನು ಊರಿಗೆ ಹೋಗ್ತೀನಿ ಮೇಡಂ. ನನ್ನ ಕೈಲಿ ಆಗಲ್ಲ."

"ಹೋಗೋದಾದ್ರೆ ಹೋಗು ಮಾರಾಯ್ತಿ, ತಡೆಯಲ್ಲ. ಮನೆಗೆ ಫೋನ್ ಮಾಡಿ ಹೇಳಿದ್ಯಾ?"

"ಇಲ್ಲ... ದಿಬ್ಬ ಹತ್ತುವಾಗ ಮಾಡ್ತೀನಿ. ಅಲ್ಲಿ ನೆಟ್‌ವರ್ಕ್ ಸಿಗುತ್ತಲ್ಲ."

ಸುಪ್ರಿಯಾ ನಕ್ಕೇಬಿಟ್ಟರು. "ಆ ದಿಬ್ಬದಲ್ಲಿ ಎಲ್ಲಿಯ ನೆಟ್‌ವರ್ಕ್? ನಾನು ಬಂದಾಗಿನಿಂದ ಒಂದು ದಿನವೂ ಸಿಕ್ಕಿಲ್ಲ. ಇಲ್ಲೇ ಪಕ್ಕದ ತೋಟದಲ್ಲಿ ಬೆಳೆದ ಬಾಲರಾಜಂಗೂ ಗೊತ್ತು ಅದು."

ಧನ್ಯಾ ಹೆಗಲಿನ ಬ್ಯಾಗನ್ನು ಕೆಳಗಿಳಿಸಿದಳು.

ಪ್ರತಿ ತಿರುವಿನಲ್ಲೂ... ಒಂದು ನಿಮಿಷ ಇರಿ ಎಂದದ್ದು... ಫೋನು ಮೇಲೆತ್ತಿ ಬೇರೆ ಕಡೆ ನೋಡುತ್ತಿದ್ದದ್ದು...

'ನಾನು ಸುಧಾರಿಸ್ಕೊಳ್ಳಲಿ ಅಂತ ನಿಂತನಾ? ನಂಗೇ ಗೊತ್ತಾಗದ ಹಾಗೆ? ಇಂಥವನು ನನ್ನ ಅಣಕಿಸ್ತಾನಾ?'

ಬ್ಯಾಗನ್ನು ಅಲ್ಲೇ ಬಿಟ್ಟು ಗೋದಾಮಿನ ಕಡೆ ನಡೆದಳು.

ಬಾಲರಾಜ್ ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಕುಣಿಯುತ್ತ ಕುಣಿಯುತ್ತ ಆ ಜಾಗ ಬಂತು. ಅವನು ಬೀಳಲಿಲ್ಲ. ಏನೂ ಮಾಡದೆ, ತಲೆ ತಗ್ಗಿಸಿ ಸುಮ್ಮನೆ ನಿಂತ. ಬಿದ್ದು ಏಳಲು ಹಿಡಿಯುವಷ್ಟು ಹೊತ್ತು ಕಳೆದ ಮೇಲೆ ಮುಂದಿನ ಹೆಜ್ಜೆ ಹಾಕಿದ.

"ಅಲ್ಲಿ ಯಾಕೆ ನಿಂತ್ರಿ?"

ಅವನು ಬೆಚ್ಚಿ ತಿರುಗಿದ. "ಅದನ್ನ ತೆಗೆದುಬಿಟ್ಟೆ. ಬೇರೆ ಏನು ಹಾಕಿದ್ರೂ ಸುಳ್ಳು ಅನ್ನಿಸ್ತು. ಅದಕ್ಕೇ ಖಾಲಿ ಬಿಟ್ಟೆ."

"ಮೊದಲು ಯಾಕೆ ಹಾಕಿದ್ರಿ?"

ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ಅವತ್ತು ನೀವು ಬಿದ್ರಿ. ನಾನು ಕೈ ಚಾಚಿದ್ರೂ ಹಿಡೀಲಿಲ್ಲ. ಮೊದಲು ಉಸಿರು ತಗಂಡ್ರಿ. ಆಮೇಲೆ ಎದ್ರಿ, ಒಂಚೂರೂ ಗಡಿಬಿಡಿ ಇಲ್ದೆ. ನಾನು ಇಷ್ಟು ವರ್ಷ ಮಕ್ಕಳಿಗೆ 'ಬೇಗ ಬೇಗ' ಅಂತ ಕೂಗಿ ಕೂಗಿ ಡ್ಯಾನ್ಸ್ ಕಲಿಸಿದೋನು. ನಿಧಾನಕ್ಕೂ ಇಂಥ ಗತ್ತು ಇರುತ್ತಾ ಅನ್ನಿಸ್ತು. ನಾನು ನೋಡಿದ್ರಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ."

"ಆ ಹೆಂಗಸರು ನಕ್ರಲ್ಲ..."

"ಅವ್ರು ಅವ್ವನ ಜೊತೆ ಕೆಲಸ ಮಾಡೋರು. ಅವ್ವಂಗೂ ಮಂಡಿನೋವು. 'ಥೇಟ್ ಯಲ್ಲಮ್ಮನ ಹಂಗೇ ಏಳ್ತಾನೆ ನೋಡು' ಅಂತ ನಕ್ಕಿದ್ದು." ಅವನ ದನಿ ತಗ್ಗಿತು. "ಆದ್ರೂ ತಪ್ಪು ನಂದೇ. ನಿಮ್ಮನ್ನ ಕೇಳ್ಬೇಕಿತ್ತು. ಕೇಳ್ದೇ ತಗಂಡೆ. ಅದಕ್ಕೆ ಕ್ಷಮೆ ಇಲ್ಲ ಅಂದ್ರೂ ಒಪ್ಕಂತೀನಿ."

ಮೂರು ವರ್ಷ ಅವಳು ನಾಚಿ ಬಚ್ಚಿಟ್ಟುಕೊಂಡಿದ್ದನ್ನು ಇವನು ಚೆಂದ ಎನ್ನುತ್ತಿದ್ದಾನೆ!

"ಅದು ನಂದು ಬಾಲರಾಜ್," ಎಂದಳು ಮೆಲ್ಲಗೆ. "ಜನರ ಮುಂದೆ ಮಾಡೋದಾದ್ರೆ ನಾನೇ ಮಾಡ್ಬೇಕು. ನನ್ನ ನೃತ್ಯದಲ್ಲಿ."

ಅವನ ಕಣ್ಣು ಅರಳಿತು. ಅವಳದು ಮರುಕ್ಷಣವೇ ತುಂಬಿ ಬಂತು.

"ಆದ್ರೆ ಹೇಗೆ? ಎದ್ದು ನಿಲ್ಲೋಕೆ ಒಂದಿನ ಇಷ್ಟು ಹೊತ್ತು ಬೇಕು, ಇನ್ನೊಂದಿನ ಅದಕ್ಕಿಂತ ಜಾಸ್ತಿ. ತಾಳ ಯಾರಿಗೂ ಕಾಯಲ್ಲ ಮಗೂ ಅಂತ ನಂಗೆ ನೃತ್ಯ ಕಲಿಸಿದ ಗುರುಗಳೇ ಹೇಳಿಬಿಟ್ರು..."

ಬಾಲರಾಜ್ ಮೂಲೆಯಲ್ಲಿದ್ದ ಡೋಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ಗುರುಗಳು ದೊಡ್ಡೋರು, ಅವ್ರು ಹೇಳಿದ್ದು ಸರಿ ಇರಬಹುದು. ಆದ್ರೆ ನನ್ನ ತಾಳ ಕಾಯುತ್ತೆ. ನೀವು ಕೂತ್ಕಳಿ... ಹೂಂ... ಈಗ ನಿಮ್ಗೆ ಯಾವಾಗ ಏಳ್ಬೇಕು ಅನ್ಸುತ್ತೋ ಆವಾಗ ಏಳಿ."

ಉಳಿದ ದಿನಗಳಲ್ಲಿ ಅವರು ಮಾಡಿದ್ದು ಅದೊಂದೇ ಕೆಲಸ. ಅವಳು ಏಳುತ್ತಿದ್ದಳು. ಅವನು ಅವಳ ಬೆನ್ನು, ಭುಜ, ಉಸಿರು ನೋಡುತ್ತ ಕಾಯುತ್ತಿದ್ದ. ನಿಂತುಹೋಗಿದ್ದ ನೃತ್ಯ ತಾನಾಗಿ ಮುಂದೆ ಸಾಗಿತು.

ಪ್ರದರ್ಶನದ ದಿನ ಬಂದೇಬಿಟ್ಟಿತು. ಕೆಲಸ ಬಿಟ್ಟ ಮೇಲೆ ಸುತ್ತಲ ಲೈನ್‌ಮನೆಗಳಿಂದ ಜನ ಬಂದು ಕಣದ ಸುತ್ತ ಕೂತರು. ಯಲ್ಲಮ್ಮ ಮುಂದಿನ ಸಾಲಿನಲ್ಲೇ ಇದ್ದರು. ಕಳಸದಿಂದ ಅಪ್ಪನೂ ಬಂದಿದ್ದರು. ಅವರನ್ನು ಕಂಡ ಕೂಡಲೇ ಧನ್ಯಾ ಗೆಜ್ಜೆಯ ಗಂಟನ್ನು ಮತ್ತೊಮ್ಮೆ ಬಿಗಿದಳು.

ಅವಳು ಕುಣಿದಳು. ಒಮ್ಮೆಲೇ ನೆಲಕ್ಕೆ ಕುಸಿದಳು. ಬೆಂಚಿನ ಮೇಲಿದ್ದ ಅಪ್ಪ ಗಾಬರಿಯಿಂದ ಎದ್ದು ನಿಂತರು.

ಡೋಲು ಸುಮ್ಮನಾಯಿತು.

ಅಂಗೈ ಊರಿದಳು. ಆದರೆ ಅಂದು ಮಂಡಿ ಮಾತು ಕೇಳಲಿಲ್ಲ. ಅರ್ಧಕ್ಕೆ ಎದ್ದವಳು ಮತ್ತೆ ಕೂತಳು. 'ಆಗಲ್ಲ... ನನ್ನಿಂದ ಆಗಲ್ಲ...' ದಿಕ್ಕು ತೋಚದೆ ಬಾಲರಾಜನತ್ತ ನೋಡಿದಳು. ಅವನು ಡೋಲಿನ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದ. ಕಣ್ಣಲ್ಲಿ ಅವಸರವೇ ಇರಲಿಲ್ಲ.

"ನಿಧಾನ ತಾಯೀ, ನಿಧಾನ..." ಮುಂದಿನ ಸಾಲಿನಿಂದ ಯಲ್ಲಮ್ಮನ ದನಿ ಕೇಳಿತು.

ಧನ್ಯಾ ಉಸಿರು ತೆಗೆದುಕೊಂಡಳು. ಎದ್ದಳು!

ಅವಳ ಬೆನ್ನು ನೆಟ್ಟಗಾದ ಆ ಗಳಿಗೆಗೇ ಡೋಲು ಮೊಳಗಿತು. ಕಣ ತುಂಬ ಚಪ್ಪಾಳೆ, ಶಿಳ್ಳೆ!

ಎಲ್ಲ ಮುಗಿದು ಜನ ಕಾಫಿ ಕುಡಿಯುತ್ತಿದ್ದಾಗ ವೆಂಕಟೇಶ್ ಮಗಳ ಬಳಿ ಬಂದರು. ಕಣ್ಣು ಕೆಂಪಾಗಿತ್ತು.

"ಮೂರು ವರ್ಷ ನಿನ್ನ ಕಾಲನ್ನ ನಾವೂ ಮುಚ್ಚಿಟ್ವಲ್ಲ ಮಗಾ... ತಪ್ಪು ಮಾಡಿದ್ವಿ."

ಅವಳು ಅಪ್ಪನ ಎದೆಗೆ ತಲೆಯಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವರು ಡೋಲಿಗೆ ಬಟ್ಟೆ ಸುತ್ತುತ್ತಿದ್ದ ಬಾಲರಾಜನತ್ತ ಗಲ್ಲದಿಂದ ಸನ್ನೆ ಮಾಡಿದರು.

"ಆ ಹುಡುಗ... ಯಾರ ಕಡೆಯವನು?"

ಆ ಪ್ರಶ್ನೆಯ ಒಳಗೆ ಎಷ್ಟು ಪ್ರಶ್ನೆಗಳಿವೆ ಎಂದು ಧನ್ಯಾಳಿಗೆ ಗೊತ್ತಿತ್ತು. ಆದರೂ ದನಿ ನಡುಗಲಿಲ್ಲ.

"ನನ್ನ ಕಡೆಯವನಪ್ಪ."

ವೆಂಕಟೇಶ್ ಮಗಳ ಮುಖವನ್ನೇ ದಿಟ್ಟಿಸಿದರು.

"ಮನೆಗೆ ಬಾ, ಮಾತಾಡಣ. ಅವನಿಗೂ... ಒಂದಿನ ಬರಕ್ಕೆ ಹೇಳು," ಎಂದು ಅವಳ ತಲೆ ಸವರಿ ಕಾಫಿ ಲೋಟ ಇಡಲು ಹೋದರು.

ಬಾಲರಾಜನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿದ್ದಿತ್ತು. ಅವನಿಗೆ ಎಲ್ಲ ಕೇಳಿಸಿತ್ತು!

"ಧನ್ಯಾ ಅವ್ರೇ... ಯೋಚನೆ ಮಾಡಿ ಹೇಳಿದ್ರಾ? ನಿಮ್ಮಪ್ಪ ತೋಟ ಇರೋರು. ನಾನು ಲೈನ್‌ಮನೇಲಿ ಹುಟ್ಟಿದೋನು."

"ನನ್ನ ಕಾಲು ನೋಡಿ ವಾಪಸ್ ಹೋದೋರೂ ತೋಟ ಇರೋರೇ."

ಅವನು ಬಿದ್ದ ಬಟ್ಟೆಯನ್ನು ಎತ್ತಿ ಡೋಲಿನ ಮೇಲಿಟ್ಟ. ಬೆವರಿದ ಅಂಗೈಯನ್ನು ಅಂಗಿಗೆ ಒರೆಸಿಕೊಂಡ.

"ಒಂದು ಕೇಳ್ಲಾ? ಈ ಸಲ ಕೇಳೇ ತಗಳ್ಳೋದು... ನಿಮ್ಮ ಕೈ ಹಿಡ್ಕಳ್ಳಲಾ?"

"ಊಹೂಂ."

ಅವನ ಮುಖ ಬಾಡಿತು. ಧನ್ಯಾ ನಗು ತಡೆದುಕೊಂಡಳು.

"ಈ ನೀವು, ನಿಮ್ಮ ಎಲ್ಲ ಬಿಟ್ಟು ಕೇಳು."

ಅವನು ಒಂದು ಕ್ಷಣ ಉಸಿರು ಹಿಡಿದ.

"ಧನ್ಯಾ... ನಿನ್ನ ಕೈ ಹಿಡ್ಕಳ್ಳಲಾ?"

ಅವಳು ಕೈ ಚಾಚಿದಳು.

ಅಷ್ಟರಲ್ಲಿ ಕಣದ ಆಚೆಯಿಂದ ಯಲ್ಲಮ್ಮನ ಕೂಗು ಕೇಳಿಸಿತು.

"ಬಾಲೂ! ಮನೆ ಕಡೆ ಜೀಪು ಹೊರಡ್ತು, ಬಾರೋ ಮಾರಾಯ!"

"ನೀ ಹೋಗವ್ವ. ನಾವು ನಿಧಾನಕ್ಕೆ ನಡ್ಕಂಡು ಬರ್ತೀವಿ!"

"ನಾವು ಅಂದ್ರೆ ಯಾರೋ?"

ಅವನು ಬಾಯಿ ತೆರೆಯುವ ಮೊದಲೇ ಧನ್ಯಾ ಕೂಗಿ ಹೇಳಿದಳು.

"ನಾನೂ ಬರ್ತಾ ಇದೀನವ್ವಾ!"